ಮಾಳಮ್ಮ ಆಯಿಯ ಬಾಣಂತಿ ಖೋಲಿ

ನಾನಿದ್ದ ಜಾಗ ಇದು: ಸಗರದ ಆಚೆಯ ಹುಲ್ಲಿನ ದಿಣ್ಣೆ, ತಂತಿ ಬೇಲಿಯ ಎರಡನೇ ಗೇಟಿನಿಂದ ಒಳಗೆ ನೂರಾ ಹತ್ತು ಹೆಜ್ಜೆ, ಒಂಟಿ ಜಾಲಿಗಿಡದ ಪಡುವಣ ಬದಿ. ಮಂಗಳವಾರ, ಬೆಳಗಿನ ಏಳು ಗಂಟೆ ಹತ್ತು ನಿಮಿಷ. ದೀಪಾವಳಿಗೆ ಇನ್ನೂ ಎಂಟು ದಿನ ಇತ್ತು. ಗಾಳಿ ಎದುರಿನಿಂದ ಬರುತ್ತಿತ್ತು. ನಿಂತಿದ್ದೆ ಎಂದರೆ ಪೂರ್ತಿ ಸರಿಯಾಗುವುದಿಲ್ಲ. ಎಪ್ಪತ್ತೆಂಟು ಕುರಿಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ನನ್ನ ಎಡಕ್ಕೆ ಮೂರು ಮೊಳ ದೂರದಲ್ಲಿ ನಮ್ಮ ಮೇಲಧಿಕಾರಿಯೊಬ್ಬರು ಕರಿ ಕಂಬಳಿ ಹೊದ್ದು, ಸೀನು ಬಾರದಂತೆ ಮೂಗು ಹಿಡಿದುಕೊಂಡು ಕುಳಿತಿದ್ದರು. ನಮ್ಮಿಬ್ಬರ ಮುಂದೆ ಮಾಳಮ್ಮ ಆಯಿಯ ಬೆನ್ನು.

ಅವತ್ತು ಕಂಡದ್ದನ್ನು ನೆನೆದರೆ ಈಗಲೂ ಎಲ್ಲವೂ ಒಟ್ಟಿಗೇ ನುಗ್ಗಿ ಬರುತ್ತದೆ. ಅದಕ್ಕೇ ನಿಧಾನವಾಗಿ, ಒಂದಾದ ಮೇಲೊಂದರಂತೆ ಬರೆಯುತ್ತೇನೆ. ಮೊದಲು ಆ ಬೆನ್ನಿನ ವಿಷಯ.

ಮಾಳಮ್ಮ ಆಯಿಯ ಮುಖ ನಾನು ನೋಡಿದ್ದು ಕಡಿಮೆ, ಬೆನ್ನು ನೋಡಿದ್ದೇ ಹೆಚ್ಚು. ಯಾರ ಜೊತೆ ಮಾತಾಡುವಾಗಲೂ ಅವಳು ಕುರಿಗಳ ಕಡೆಗೇ ಮುಖ ಮಾಡಿರುತ್ತಿದ್ದಳು. ಬಂದವರು ಅವಳ ಬೆನ್ನಿಗೆ ನಮಸ್ಕಾರ ಮಾಡಬೇಕು, ಬೆನ್ನಿಗೆ ಪ್ರಶ್ನೆ ಕೇಳಬೇಕು. ಉತ್ತರ ಭುಜದ ಮೇಲಿಂದ ಹಿಂದಕ್ಕೆ ಬರುತ್ತಿತ್ತು. ಅರವತ್ತು ದಾಟಿದ, ಎತ್ತರದ, ಸಪೂರ ಹೆಂಗಸು. ಕೋಲಿಗೆ ಗಲ್ಲ ಊರಿ, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಆನಿಸಿ ತಾಸುಗಟ್ಟಲೆ ನಿಲ್ಲುತ್ತಿದ್ದಳು. ಯಾವುದನ್ನೂ ಬೆರಳಿನಿಂದ ತೋರಿಸುತ್ತಿರಲಿಲ್ಲ. ಗದ್ದ ಎತ್ತಿ, ಎತ್ತಿದ ಕಡೆ ನೀವೇ ನೋಡಿಕೊಳ್ಳಬೇಕು. "ಕೈ ಎತ್ತಿದ್ರ ಕಲ್ಲು ಹೊಡೀತಾರ ಅಂತ ಚಿಗರಿ ತಿಳ್ಕೋತಾವ" ಎನ್ನುತ್ತಿದ್ದಳು.

ಚಿಗರಿ ಎಂದರೆ ಪುಸ್ತಕದವರು ಕೃಷ್ಣಮೃಗ ಎನ್ನುವ ಪ್ರಾಣಿ. ಅವುಗಳನ್ನು ಕಾಯುವುದು ನನ್ನ ನೌಕರಿ. ಊರು ಕೆಂಭಾವಿ, ಹುದ್ದೆ ಅರಣ್ಯ ಇಲಾಖೆಯ ಗಾರ್ಡ್. ದಿಣ್ಣೆಗೆ ಬೇಲಿ ಹಾಕುವ ಮೊದಲು ಅಲ್ಲಿ ಹುಲ್ಲೆಂಬುದೇ ಇರಲಿಲ್ಲ. ಎಲ್ಲೆಲ್ಲಿಂದಲೋ ಬಂದ ದನಕರು ನೆಲ ನೆಕ್ಕಿ ಹೋಗುತ್ತಿದ್ದವು. ಬೇಲಿ ಬಂದ ಮೇಲೆ ಎರಡು ಮಳೆಗೆ ಹುಲ್ಲು ಬಂತು, ಹುಲ್ಲಿನ ಹಿಂದೆ ಚಿಗರಿ ತಂತಿಯ ಕೆಳಗೆ ನುಸುಳಿ ಬಂದವು. ನಾವೆಲ್ಲ ಖುಷಿಯಾಗಿದ್ದೆವು. ಬೇಲಿ ಹಾಕಿದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ನಾಲ್ಕನೇ ವರ್ಷಕ್ಕೆ ಹುಲ್ಲು ನನ್ನ ಸೊಂಟಕ್ಕೆ ಬಂತು, ಒಣಗಿ ಕಡ್ಡಿಯಾಯಿತು, ಆ ಕಡ್ಡಿಯ ಮೇಲೆ ಇನ್ನೊಂದು ವರ್ಷದ ಹುಲ್ಲು ಬಿತ್ತು. ಚಿಗರಿ ಒಂದೊಂದೇ ಕಾಣೆಯಾದವು. ಯಾಕೆ ಎಂದು ನನಗೆ ತಿಳಿಯಲಿಲ್ಲ. ತೋಳ ಹೆಚ್ಚಾಗಿರಬೇಕು ಎಂದು ಬರೆದು ಕಳಿಸಿದೆ.

ಆಗ ಒಂದು ಬೆಳಿಗ್ಗೆ ಬೇಲಿಯ ಒಳಗೆ ಕುರಿಗಳನ್ನು ಕಂಡೆ. ಕುರಿಗಳ ಹಿಂದೆ ಒಂದು ಬೆನ್ನು.

"ಯಾರದು? ಕುರಿ ಹೊರಗ ಹೊಡಿ!" ಎಂದು ಕೂಗಿದೆ.

"ಸಣ್ಣಗ ಮಾತಾಡು. ಮೇಯಾಕತ್ತಾವ."

ನಾನು ಹತ್ತಿರ ಹೋಗಿ ನೋಟ್‌ಬುಕ್ ತೆಗೆದೆ. "ಹೆಸರೇನು?"

"ಯಾರ್ದು? ನಂದಾ, ಕುರೀದಾ?"

"ನಿಂದು ಹೇಳು."

"ಮಾಳಮ್ಮ. ಕುರೀದೂ ಬರ್ಕೋ. ಮುಂದಿಂದು ಸಾವುಕಾರ್ತಿ. ಅದರ ಬಾಜೂಕಿಂದು ಮಲ್ಲಿ. ಅಕಾ ಅಲ್ಲಿ ಒಂದs ನಿಂತದಲ್ಲ, ಆ ಟಗರು, ಅದು ತಹಶೀಲ್ದಾರ."

"ಅದಕ್ಯಾಕ ತಹಶೀಲ್ದಾರ ಅಂತಿ?"

"ಎಷ್ಟ್ ಸಲ ಕರದ್ರೂ ಬರಂಗಿಲ್ಲ."

ನಗು ಬಂತು, ಆದರೆ ನಾನು ಖಾಕಿಯಲ್ಲಿದ್ದೆ. "ನೋಡು ಆಯಿ, ಇಲ್ಲಿ ಬೇಲಿ ಹಾಕಿದ್ದು ಚಿಗರಿ ಸಲುವಾಗಿ. ಕುರಿ ಸಲುವಾಗಿ ಅಲ್ಲ" ಎಂದೆ.

"ಹೌದಾ? ಹಂಗಾರ ಒಂದು ಚಿಗರಿ ತೋರ್ಸು. ತೋರ್ಸಿದಿ ಅಂದ್ರ ಈಗಿಂದೀಗ ಹೋಗ್ತೀನಿ."

ನಾನು ದಿಣ್ಣೆಯ ಈ ತುದಿಯಿಂದ ಆ ತುದಿಗೆ ನೋಡಿದೆ. ದುರ್ಬೀನು ಹಚ್ಚಿ ನೋಡಿದೆ. ಒಂದೂ ಇರಲಿಲ್ಲ. ಆಯಿ ತಿರುಗಲಿಲ್ಲ, ಗದ್ದ ಮಾತ್ರ ಎತ್ತಿದಳು. ಅವಳು ಗದ್ದ ಎತ್ತಿದ ಕಡೆ, ಬೇಲಿಯ ಹೊರಗೆ, ರಸ್ತೆಯ ಆಚೆಯ ತೊಗರಿ ಹೊಲದ ಬದುವಿನಲ್ಲಿ ಹದಿನಾಲ್ಕು ಚಿಗರಿ ನಿಂತಿದ್ದವು. ಎದುರಿನ ಹೊಲದವನ ನಾಯಿ ಬೊಗಳುತ್ತಾ ಅವುಗಳ ಕಡೆ ಓಡುತ್ತಿತ್ತು.

"ನಿನ್ನ ಮನ್ಯಾಗ ಮಂದಿ ಇಲ್ಲ, ರಸ್ತೆ ಮ್ಯಾಲ ಅದಾರ" ಎಂದಳು ಆಯಿ. "ಕದಾ ಭಾಳ ಚಲೋ ಹಾಕೀರಿ."

ಅವಳ ಹೆಸರು ನನ್ನ ನೋಟ್‌ಬುಕ್ಕಿನಲ್ಲಿ ಈಗಲೂ ಇದೆ, ಅದರ ಮುಂದೆ ದಂಡವೇನೂ ಬರೆದಿಲ್ಲ.

ಆಮೇಲಿನ ಹದಿನೈದು ದಿನ ನಾನು ಅವಳ ಬೆನ್ನಿನ ಹಿಂದೆ ನಿಂತು ಕಲಿತೆ. ಬೇಲಿಯ ಹೊರಗಿನ ಒಂದು ಸಣ್ಣ ಪಟ್ಟಿಯಲ್ಲಿ ಅವಳು ಕುರಿ ಮೇಯಿಸುತ್ತಿದ್ದಳು. ಕುರಿ ಮೇದು ಹೋದ ಮೂರನೆಯ ದಿನಕ್ಕೆ ಅಲ್ಲಿ ಎಳೆ ಚಿಗುರು ಏಳುತ್ತಿತ್ತು, ಅದಕ್ಕೆ ಚಿಗರಿ ಬರುತ್ತಿದ್ದವು. ಒಳಗಿನ ಉದ್ದ ಹುಲ್ಲಿಗೆ ತಪ್ಪಿ ಬಂದ ಒಂದೆರಡು ನೆಟ್ಟಗೆ ಮೇಯುವುದಿಲ್ಲ ಎಂದು ತೋರಿಸಿದಳು.

"ಎಣಸು" ಎಂದಳು. "ಹೊರಗ ಮೇಯೂದು ಎಷ್ಟ್ ಸಲ ತಲಿ ಎತ್ತತದ, ಒಳಗಿಂದು ಎಷ್ಟ್ ಸಲ ಎತ್ತತದ."

ಎಣಿಸಿದೆ. ಒಳಗಿನದು ಎಷ್ಟು ಸಲ ತಲೆ ಎತ್ತಿತೆಂದರೆ ನನಗೆ ಎಣಿಕೆ ತಪ್ಪಿಹೋಯಿತು. ಒಂದು ಬಾಯಿ ಹುಲ್ಲಿಗೆ ಒಂದು ಸಲ, ಗರಿ ಅಲ್ಲಾಡಿದ್ದಕ್ಕೊಂದು ಸಲ. ಹೊರಗಿನದು ತಲೆ ತಗ್ಗಿಸಿದ್ದು ತಗ್ಗಿಸಿದಂತೆಯೇ ಇತ್ತು. ಬರೆದುಕೊಳ್ಳಲು ಏನೂ ಇರಲಿಲ್ಲ.

"ಚಿಗರೀಗಿ ಹೊಟ್ಟಿ ಕಣ್ಣಾಗ ಇರ್ತದ ಸಾಬ. ದೂರ ಕಂಡ್ರ ಮೇಯ್ತದ. ಕಾಣಲಿಲ್ಲಂದ್ರ ಉಪಾಸ ಇರ್ತದ. ನಿನ್ನ ಹುಲ್ಲಿನಾಗ ತೋಳ ಬಂದು ಬಾಲ ಹಿಡಿಯೂ ತನಕ ಅದಕ್ಕ ಗೊತ್ತಾಗಂಗಿಲ್ಲ."

ನಾನು ಕಾಗದ ಬರೆದೆ. ಮೂರು ಸಲ ಬರೆದ ಮೇಲೆ ಒಂದು ಹಂಗಾಮಿನ ಮಟ್ಟಿಗೆ ಪರವಾನಿಗೆ ಬಂತು: ಎಂಬತ್ತು ಕುರಿ ಮೀರಬಾರದು, ಬೆಳಗಿನ ಹೊತ್ತು ಮಾತ್ರ, ಪ್ರತಿ ವಾರ ಗಾರ್ಡ್ ವರದಿ ಕಳಿಸಬೇಕು. ಆಯಿಗೆ ಓದಿ ಹೇಳಿದೆ. ಅವಳು ತನ್ನದೊಂದು ಷರತ್ತು ಸೇರಿಸಿದಳು.

"ಚಿಗರಿ ಕುರೀಗಿ ಅಂಜಂಗಿಲ್ಲ. ನಾಯಿಗಿ ಅಂಜ್ತಾವ, ಮತ್ತ ನಿನ್ನ ಖಾಕಿಗಿ ಅಂಜ್ತಾವ. ನಾಯಿ ನಾ ಗೇಟಿಗಿ ಕಟ್ತೀನಿ. ಖಾಕೀದು ನೀ ನೋಡ್ಕೋ."

ಅಂದಿನಿಂದ ದಿಣ್ಣೆಯ ಮೇಲೆ ನಾನು ಖಾಕಿಯ ಮೇಲೆ ಕಂಬಳಿ ಹೊದ್ದು ತಿರುಗಿದೆ. ಊರಿನ ಮಂದಿ, ಗಾರ್ಡ್ ಸಾಬ ಕುರಿ ಕಾಯಾಕ ಹತ್ಯಾನ ಎಂದು ಆಡಿಕೊಂಡರು. ಹತ್ತು ಗಂಟೆಗೆ ಆಯಿ ಬುತ್ತಿ ಬಿಚ್ಚುತ್ತಿದ್ದಳು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನನ್ನ ಡಬ್ಬಿಯ ಅನ್ನ ನೋಡಿ, "ಕಾಲುವಿ ಅನ್ನ ತಿಂದು ತಿಂದು ನಿಮ್ಮ ಮಾರಿ ಸುಣ್ಣ ಹಚ್ಚಿದಂಗ ಆಗ್ಯಾವ" ಎಂದು ಅರ್ಧ ರೊಟ್ಟಿ ಮುರಿದು ಹಿಂದಕ್ಕೆ ಕೈ ಚಾಚುತ್ತಿದ್ದಳು. ರೊಟ್ಟಿ ಕೊಡುವಾಗಲೂ ಅವಳು ತಿರುಗುತ್ತಿರಲಿಲ್ಲ.

ಆಯಿಗೆ ಆ ಪರವಾನಿಗೆ ಎಷ್ಟು ಬೇಕಾಗಿತ್ತು ಎಂಬುದನ್ನೂ ಹೇಳಬೇಕು. ಅವಳಿಗೆ ಮೇಯಿಸಲು ಬೇರೆ ನೆಲ ಉಳಿದಿದ್ದು ಕಾಲುವೆ ರಸ್ತೆಯ ಎರಡು ಅಂಚು ಮಾತ್ರ. ಅಲ್ಲಿ ಹಿಂದಿನ ವರ್ಷ ಒಂದು ಲಾರಿ ಹಿಂಡಿಗೆ ನುಗ್ಗಿ ಆರು ಕುರಿ ಹೋಗಿದ್ದವು. ಅವಳ ತಾಯಿಯಿಂದ ಬಂದ ಹಿಂಡು ಅದು. ದಿಣ್ಣೆ ಮತ್ತೆ ಮುಚ್ಚಿದರೆ ಹಿಂಡನ್ನು ಕೆಂಭಾವಿ ಸಂತೆಗೆ ಹೊಡೆದುಬಿಡುವುದೇ ಎಂದು ಅವಳು ತೀರ್ಮಾನ ಮಾಡಿದ್ದಳು.

ಹಂಗಾಮು ಶುರುವಾಗಿ ಎರಡು ತಿಂಗಳಿಗೆ ದಿಣ್ಣೆ ಚಾಪೆ ಹಾಸಿದ ಹಾಗಾಯಿತು. ಚಿಗರಿ ಒಳಗೆ ಬಂದವು. ಮೊದಲು ಐದು, ಆಮೇಲೆ ಹನ್ನೊಂದು, ಆಮೇಲೆ ಬೆನ್ನು ಕಪ್ಪಾದ ದೊಡ್ಡ ಗಂಡು ಒಂದು. ಕುರಿ ಒಂದು ಕಡೆ ಮೇಯುತ್ತಿದ್ದರೆ ಅವು ಮೊನ್ನೆ ಕುರಿ ಮೇದ ಕಡೆ ಮೇಯುತ್ತಿದ್ದವು. ಹೊತ್ತೇರಿ ಅವು ಮಲಗುವ ವೇಳೆಗೆ ಆಯಿ ಕುರಿಗಳನ್ನು ಹೊರಗೆ ಹೊಡೆಯುತ್ತಿದ್ದಳು.

ಆದರೆ ಈಶಾನ್ಯ ಮೂಲೆಯ ಒಂದು ತುಂಡು ನೆಲಕ್ಕೆ ಅವಳು ಕುರಿಗಳನ್ನು ಬಿಡಲೇ ಇಲ್ಲ. ಅಲ್ಲಿ ಹುಲ್ಲು ಎದೆಮಟ್ಟ ನಿಂತೇ ಇತ್ತು. ಹಿಂಡು ಅತ್ತ ವಾಲಿದರೆ ಸಾಕು, ನಾಲಗೆಯಿಂದ ಟರ್‌ರ್ ಎಂದು ಸದ್ದು ಮಾಡಿ ತಿರುಗಿಸುತ್ತಿದ್ದಳು. ಒಂದು ದಿನ ಕೇಳಿದೆ.

"ಅದ್ಯಾಕ ಬಿಟ್ಟಿ ಆಯಿ?"

"ಅದು ಬಾಣಂತಿ ಖೋಲಿ." ಖೋಲಿ ಎಂದರೆ ನಮ್ಮ ಕಡೆ ಕೋಣೆ.

"ಯಾವ ಬಾಣಂತಿ?"

"ಇನ್ನಾ ಬಂದಿಲ್ಲ. ಬರ್ತಾಳ." ಅತ್ತ ವಾಲಿದ ಒಂದು ಕುರಿಯನ್ನು ತಿರುಗಿಸಿ ಹೇಳಿದಳು: "ಎಲ್ಲಾ ಕಡಿ ಬೋಳ ಮಾಡಿಬಿಟ್ರ ಚಿಗರಿ ಎಲ್ಲಿ ಹಡೀಬೇಕು? ನಡು ರಸ್ತ್ಯಾಗ? ಮೇಯಾಕ ಸಣ್ಣ ಹುಲ್ಲು ಬೇಕು, ಮರಿ ಮುಚ್ಚಿಡಾಕ ದೊಡ್ಡ ಹುಲ್ಲು ಬೇಕು. ನೀವು ಒಂದ್ಸಲ ಎಲ್ಲಾ ಬೋಳ ಮಾಡ್ತೀರಿ, ಒಂದ್ಸಲ ಎಲ್ಲಾ ಬೆಳಸ್ತೀರಿ. ಒಂದು ಮನಿ ಅಂದ್ರ ಪಡಸಾಲಿನೂ ಇರಬೇಕು, ಖೋಲಿನೂ ಇರಬೇಕು."

ಎಡಗಿವಿ ಹರಿದ ಒಂದು ಹೆಣ್ಣು ಚಿಗರಿ ಹಿಂಡಿನಲ್ಲಿತ್ತು. ಹರಕಿವಿ ಎಂದು ಆಯಿ ಕರೆಯುತ್ತಿದ್ದಳು. ಒಂದು ದಿನ ಹರಕಿವಿ ಹಿಂಡು ಬಿಟ್ಟು ಆ ಹುಲ್ಲಿನೊಳಗೆ ಹೋದಳು. ಮರುದಿನ ಒಬ್ಬಳೇ ಹೊರಗೆ ಬಂದು ದೂರ ನಿಂತು ಮೇದಳು. ದಿನಕ್ಕೆ ಎರಡು ಸಲ, ಸುತ್ತು ಹಾಕಿ, ನಾಲ್ಕೂ ಕಡೆ ನೋಡಿ, ಹುಲ್ಲಿನೊಳಗೆ ಹೋಗಿ ಬರುತ್ತಿದ್ದಳು. ಆ ಹೊತ್ತಿನಲ್ಲಿ ಆಯಿ ನನ್ನ ಭುಜ ಹಿಡಿದು ತಿರುಗಿಸುತ್ತಿದ್ದಳು. "ಬಾಣಂತಿ ಖೋಲಿ ಕಡಿ ಹಂಗ ಕಣ್ಣು ಕಿಸಿದು ನೋಡಬಾರದು. ನಿಮ್ಮವ್ವ ಕಲಿಸಿಲ್ಲೇನು?"

ಇಲ್ಲಿಂದ ನನ್ನ ತಪ್ಪು ಶುರುವಾಗುತ್ತದೆ. ಅಳತೆ, ದಿಕ್ಕು, ಹೊತ್ತು ತಪ್ಪದೆ ವರದಿ ಬರೆಯುವುದು ನನ್ನ ಅಭ್ಯಾಸ. ಆ ವಾರದ ವರದಿಯಲ್ಲಿ ಬರೆದದ್ದನ್ನು ಹಾಗೆಯೇ ಇಲ್ಲಿ ಇಡುತ್ತೇನೆ: "ಬೇಲಿಯ ಒಳಗೆ ಈಶಾನ್ಯ ಮೂಲೆಯಲ್ಲಿ ಬಾಣಂತಿ ಖೋಲಿ ಒಂದು ಇರುತ್ತದೆ. ಉದ್ದ ಐವತ್ತು ಹೆಜ್ಜೆ, ಅಗಲ ಮೂವತ್ತು ಹೆಜ್ಜೆ. ಸದರಿ ಖೋಲಿಯ ಉಸ್ತುವಾರಿ ಮಾಳಮ್ಮ ಇವರದು. ಒಳಗೆ ಯಾರಿಗೂ ಪ್ರವೇಶ ಇರುವುದಿಲ್ಲ. ತಾಯಿ ಮತ್ತು ಮರಿ ಕ್ಷೇಮ." ಮರಿ ಎಂಬಲ್ಲಿ ನನ್ನ ಅಕ್ಷರ ಕೆಟ್ಟು ಮಗು ಎಂದು ಓದಿಸಿಕೊಂಡಿತಂತೆ. ಎಲ್ಲ ಬರೆದಿದ್ದೆ. ಅದು ಹುಲ್ಲು ಎಂಬುದೊಂದನ್ನು ಬರೆದಿರಲಿಲ್ಲ. ನನಗೆ ಗೊತ್ತಿತ್ತಲ್ಲ, ಅದಕ್ಕೇ.

ನಾಲ್ಕು ದಿನಕ್ಕೆ ಉತ್ತರ ಬಂತು. ಸಂರಕ್ಷಿತ ಜಾಗದಲ್ಲಿ ಅನಧಿಕೃತವಾಗಿ ಕಟ್ಟಿರುವ ಖೋಲಿಯನ್ನು ತೆರವು ಮಾಡತಕ್ಕದ್ದು, ಖುದ್ದು ತಪಾಸಣೆ ಆಗುವವರೆಗೆ ಕುರಿಗಳ ಪ್ರವೇಶ ನಿಲ್ಲಿಸತಕ್ಕದ್ದು, ತಪ್ಪಿದಲ್ಲಿ ಪರವಾನಿಗೆ ರದ್ದು. ಬರುವವರು ಶ್ರೀಕಂಠ ಸಾಹೇಬರು, ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು. ನಾನು ದಿಣ್ಣೆಯ ಮೇಲಿಂದಲೇ ಫೋನ್ ಮಾಡಿದೆ. ಅಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತದೆ.

"ಸರ್, ಅದು ಕಟ್ಟಿದ್ದಲ್ಲರಿ. ಹುಲ್ಲಿಂದರಿ."

"ಹುಲ್ಲಿನ ಗುಡಿಸಲಾದ್ರೂ ಗುಡಿಸಲೇ ಕಣ್ರೀ. ಆಯಮ್ಮನಿಗೆ ಹೆರಿಗೆ ಆಗಿ ಎಷ್ಟು ದಿನ ಆಯ್ತು?"

"ಆರು ದಿನ ಆತರಿ. ಆಕಿ ದಿನಾ ಎರಡು ಸಲ ಬಂದು ಹಾಲು ಕುಡಿಸಿ ಹೋಗ್ತಾಳರಿ."

"ಬಂದು ಹೋಗ್ತಾಳಾ? ಎಳೇ ಕೂಸನ್ನ ಒಂದನ್ನೇ ಬಿಟ್ಟು?"

ಚಿಗರಿ ಎಂಬ ಮಾತನ್ನು ನಾನು ಹೇಳಿದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಹೇಳಿದ್ದರೂ ಅದು ಸಾಹೇಬರಿಗೆ ಕೇಳಿಸಲಿಲ್ಲ. ಲೈನು ಹೋಗಿತ್ತು. ಮತ್ತೆ ಮಾಡಿದಾಗ, ಬಂದೇ ನೋಡುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಆಯಿಗೆ ಕಾಗದ ಓದಿ ಹೇಳಿದೆ. ಅವಳು ಕೋಲು ಕೆಳಗಿಟ್ಟು, ನೆಲಕ್ಕೆ ಕುಳಿತು, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು, "ಹತ್ತು ದಿನ ಕಾಲುವಿ ರಸ್ತ್ಯಾಗ ನೋಡ್ತೀನಿ. ಅಷ್ಟರಾಗ ಗೇಟು ತಗೀಲಿಲ್ಲಂದ್ರ ಸಂತಿಗಿ ಹೊಡೀತೀನಿ" ಎಂದಳು. ಆ ಮಾತಿನಲ್ಲಿ ನಗು ಇರಲಿಲ್ಲ. ಒಂಬತ್ತು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಅವಳ ಹಿಂಡು ಹೋದರೆ ಅದು ನಾನು ಬಿಟ್ಟ ಒಂದು ಪದದಿಂದ.

ಒಂಬತ್ತನೆಯ ದಿನವೇ ಆ ಮಂಗಳವಾರ. ಆರೂವರೆಗೆ ಜೀಪು ಬಂತು. ಓಡಿಸುತ್ತಿದ್ದವನು ಖಾಜಾ. ಹಿಂದೆ ಹಾರೆ ಹಿಡಿದು ಸಾಬಣ್ಣ, ಖೋಲಿ ಕೆಡವಲು ಬಂದವನು. ಮುಂದೆ ಶ್ರೀಕಂಠ ಸಾಹೇಬರು, ಅವರ ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಗೇಟಿನ ಬಳಿ ಆಯಿ ಹಿಂಡು ತಂದು ನಿಲ್ಲಿಸಿದ್ದಳು, ಅವಳ ಸೊಸೆ ದೇವಮ್ಮ ನಾಯಿ ಹಿಡಿದು ನಿಂತಿದ್ದಳು. ಅವಳಿಗೆ ಆಗ ಏಳು ತಿಂಗಳು. ಸಾಹೇಬರು ಅವಳನ್ನು ನೋಡಿ ಗಾಬರಿಯಾಗಿ ನನ್ನ ಕಡೆ ತಿರುಗಿದರು.

"ಏನ್ರೀ, ಇನ್ನೊಬ್ಬರಾ?"

ಆಗ ಅವರ ಚೀಲದೊಳಗೆ ಏನಿದೆ ಎಂದು ಕಂಡಿತು. ಎರಡು ಬ್ರೆಡ್ಡು, ಮೆತ್ತನೆಯ ಹಳೇ ಸೀರೆಯ ತುಂಡು, ಕೆಂಪು ಉಣ್ಣೆಯ ಒಂದು ಕುಲಾವಿ. ತಾಯಿ ಮಗುವನ್ನು ಜೀಪಿನಲ್ಲಿ ಶಹಾಪುರದ ದವಾಖಾನೆಗೆ ಕರೆದೊಯ್ದು ಆಮೇಲೆ ಖೋಲಿ ಕೆಡವಬೇಕೆಂದು ಬಂದಿದ್ದರು ಆ ಮನುಷ್ಯ. ಕುಲಾವಿ ಅವರ ಹೆಂಡತಿ ಹೆಣೆದದ್ದಂತೆ. ನನಗೆ ನೆಲ ಸೀಳಿ ಒಳಗೆ ಹೋಗುವಂತಾಯಿತು. "ಸರ್, ಅದು..." ಎಂದು ಬಾಯಿ ತೆಗೆದೆ. ಆಯಿ ಹಿಂದಿನಿಂದ ಕೋಲಿನ ತುದಿಯಲ್ಲಿ ನನ್ನ ಹಿಮ್ಮಡಿಗೆ ಮೆಲ್ಲಗೆ ಬಡಿದಳು.

"ಸುಮ್ನಿರು. ಹೇಳಿದ್ದು ಸಾಕು. ಈಗ ಕಣ್ಣೀಲೆ ನೋಡ್ಲಿ." ಆಮೇಲೆ ಕುರಿಗಳ ಕಡೆ ನೋಡುತ್ತಲೇ ಸಾಹೇಬರಿಗೆ ಹೇಳಿದಳು: "ಬರ್ರಿ ಸಾಬ್ರ. ಆದ್ರ ಆಕಿ ಭಾಳ ಅಂಜುಬುರಕಿ ಅದಾಳ್ರಿ. ಹಿಂಗ ಬೂಟು ಪ್ಯಾಂಟು ನೋಡಿದ್ರ ಓಡಿ ಹೋಗ್ತಾಳ. ಕೂಸಿನ ಕಡಿ ಮತ್ತ ಬರಂಗಿಲ್ಲ."

"ಅಯ್ಯೋ, ಹೆದರಿಸೋದು ಬೇಡಮ್ಮ. ಏನು ಮಾಡ್ಬೇಕು ಹೇಳಿ."

"ಕುರಿ ಆಗಬೇಕ್ರಿ."

ಹೀಗೆ ಗೇಟು ತೆರೆಯಿತು. ಎಪ್ಪತ್ತೆಂಟು ಕುರಿ ಒಳಗೆ ಹೋದವು, ಅವುಗಳ ನಡುವೆ ಕಂಬಳಿ ಹೊದ್ದು ಬಗ್ಗಿಕೊಂಡು ನಾವು ನಾಲ್ವರು ಹೋದೆವು: ಸಾಹೇಬರು, ಖಾಜಾ, ಸಾಬಣ್ಣ, ನಾನು. ಸಾಬಣ್ಣ ಹಾರೆ ಬಿಡಲಿಲ್ಲ, ಕಂಬಳಿಯೊಳಗೇ ಇಟ್ಟುಕೊಂಡ. ಮುಂದೆ ಆಯಿ. ಜಾಲಿಗಿಡದ ಬಳಿ ಅವಳು ನಿಂತಳು, ಹಿಂಡು ನಿಂತಿತು, ನಾವು ಕುಳಿತೆವು.

"ಖೋಲಿ ಎಲ್ರೀ?" ಸಾಹೇಬರು ಪಿಸುಗುಟ್ಟಿದರು.

ಆಯಿ ಗದ್ದ ಎತ್ತಿದಳು. ಸಾಹೇಬರು ಹುಲ್ಲನ್ನು ನೋಡಿದರು, ಹುಲ್ಲಿನ ಆಚೆ ನೋಡಿದರು, ನನ್ನನ್ನು ನೋಡಿದರು. ಗೋಡೆ ಹುಡುಕುತ್ತಿದ್ದರು. ಆಗ ಏಳು ಗಂಟೆ ಹತ್ತು ನಿಮಿಷ.

ಹರಕಿವಿ ಬಲಗಡೆಯಿಂದ ಬಂದಳು. ನಿಂತು, ಮುಂಗಾಲು ಒಮ್ಮೆ ನೆಲಕ್ಕೆ ಕುಟ್ಟಿ, ಹಿಂಡನ್ನು ನೋಡಿದಳು. ಕುರಿಗಳು ಮೇಯುತ್ತಲೇ ಇದ್ದವು. ಅವಳು ಹುಲ್ಲಿನ ಕಡೆ ನೇರ ಹೋಗದೆ ಕುರಿಗಳ ಅಂಚು ಹಿಡಿದು ಬಂದಳು. ನನ್ನಿಂದ ಹನ್ನೆರಡು ಹೆಜ್ಜೆ, ಆಮೇಲೆ ಅಳೆದಿದ್ದೇನೆ. ಹನ್ನೊಂದು ವರ್ಷ ಚಿಗರಿ ಕಾದ ನಾನು ಚಿಗರಿಯ ಉಸಿರು ಕೇಳಿದ್ದು ಅದೇ ಮೊದಲು. ಅವಳ ಮೂಗಿನ ಒದ್ದೆ ಕಂಡಿತು. ಕಣ್ಣಿನ ಸುತ್ತಲಿನ ಬಿಳಿ ಕಂಡಿತು. ತಹಶೀಲ್ದಾರ ಎಂಬ ಆ ಟಗರು ದಾರಿಗೆ ಅಡ್ಡ ನಿಂತಿತ್ತು. ಅವಳು ಅದರ ಪಕ್ಕೆಗೆ ಪಕ್ಕೆ ತಾಗಿಸಿಕೊಂಡು ದಾಟಿದಳು. ತಹಶೀಲ್ದಾರ ತಲೆಯನ್ನೂ ಎತ್ತಲಿಲ್ಲ.

ಅಷ್ಟರಲ್ಲಿ ಸಾಹೇಬರು ಸೀನಿದರು.

ಹರಕಿವಿ ನಿಂತಳು. ತಲೆ ಎತ್ತಿ, ಇದ್ದ ಒಂದೂವರೆ ಕಿವಿ ಎರಡನ್ನೂ ಕಂಬಳಿಯ ಕಡೆ ತಿರುಗಿಸಿದಳು. ಅದೇ ಹೊತ್ತಿಗೆ ಹಿಂಡಿನಲ್ಲಿ ಎರಡು ಕುರಿ ಒಂದರ ಹಿಂದೊಂದು ಸೀನಿದವು. ಮುಂಜಾವಿನ ಇಬ್ಬನಿ ಹುಲ್ಲಿನಲ್ಲಿ ಅವು ಯಾವಾಗಲೂ ಸೀನುತ್ತವೆ. ಅವಳು ತಲೆ ತಗ್ಗಿಸಿ ಮುಂದೆ ನಡೆದಳು. ಹುಲ್ಲಿನ ಅಂಚಿನಲ್ಲಿ ನಿಂತು, ಗಂಟಲೊಳಗೇ ಒಂದು ಸಣ್ಣ ಸ್ವರ ಹೊರಡಿಸಿದಳು. ಹುಲ್ಲು ಅಲ್ಲಾಡಿತು. ಕಡ್ಡಿಯ ಬಣ್ಣದ ಮರಿಯೊಂದು ಎದ್ದು ನಿಂತಿತು. ಕಾಲು ಇನ್ನೂ ತನ್ನವೆಂದು ಗೊತ್ತಿಲ್ಲದ ಹಾಗೆ ನಡೆಯಿತು. ಹೊಟ್ಟೆಯ ಕೆಳಗೆ ತಲೆ ಇಟ್ಟಿತು. ಆಮೇಲೆ ಅದರ ಬಾಲ ಮಾತ್ರ ಕಂಡಿತು, ಆಡುತ್ತಲೇ ಇತ್ತು.

ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. ನನ್ನ ಸಾಕ್ಷಿಯಲ್ಲಿ ಅದೊಂದು ಕೊರತೆ.

ಸಾಹೇಬರು ಕಂಬಳಿಯೊಳಗಿನಿಂದ ಬಹಳ ಮೆಲ್ಲಗೆ ಕೇಳಿದರು. "ಇದೇನಾ ಬಾಣಂತಿ?"

"ಹೌದ್ರಿ."

"ಇದೇನಾ ಖೋಲಿ?"

"ಹೌದ್ರಿ ಸರ್."

ಅವರು ಚೀಲದಿಂದ ಕುಲಾವಿ ತೆಗೆದು ನೋಡಿ ಮತ್ತೆ ಒಳಗಿಟ್ಟರು. ಕಣ್ಣು ಒದ್ದೆಯಾಗಿದ್ದವು, ಆದರೆ ಕಂಬಳಿಯ ಧೂಳೂ ಇತ್ತು. ಹಿಂದೆ ಸಾಬಣ್ಣ ಹಾರೆಯನ್ನು ಸದ್ದಾಗದಂತೆ ನೆಲದ ಮೇಲೆ ಮಲಗಿಸಿದ.

ಹರಕಿವಿ ಹೋದ ಮೇಲೆ, ಮರಿ ಮತ್ತೆ ಹುಲ್ಲಿನಲ್ಲಿ ಇಲ್ಲದಂತಾದ ಮೇಲೆ, ಆಯಿ ತಿರುಗಿದಳು. ಪೂರ್ತಿ ತಿರುಗಿ ಸಾಹೇಬರ ಮುಖ ನೋಡಿದಳು.

"ಸಾಬ್ರ, ನೀವು ಸೀನಿದ್ರಲ್ಲ, ಆಕಿಗಿ ಏನೂ ಅನಿಸಲಿಲ್ಲ. ಬರೋಬ್ಬರಿ ಕುರಿ ಆದ್ರಿ ನೋಡ್ರಿ."

ಸಾಹೇಬರು ಕಂಬಳಿ ತೆಗೆದು ನಕ್ಕರು. ಖಾಜಾ ನಕ್ಕ, ಸಾಬಣ್ಣ ನಕ್ಕ, ನಾನು ನಗುತ್ತಾ ಅತ್ತುಬಿಟ್ಟೆ. ಬ್ರೆಡ್ಡಿನ ಒಂದು ಪೊಟ್ಟಣ ಅಷ್ಟರಲ್ಲಿ ತಹಶೀಲ್ದಾರನ ಬಾಯಿಗೆ ಹೋಗಿತ್ತು. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ನನ್ನ ರಿಜಿಸ್ಟರ್ ಇಟ್ಟು ಬರೆದರು: "ಖೋಲಿ ತಪಾಸಣೆ ಮಾಡಿದೆ. ಖೋಲಿ ಇದೆ. ತೆರವು ಮಾಡತಕ್ಕದ್ದಲ್ಲ. ಕುರಿ ಪ್ರವೇಶ ಮುಂದುವರಿಸತಕ್ಕದ್ದು." ಬರೆದು, ಸಹಿ ಮಾಡಿ, ನನಗೆ ತೋರಿಸಿದರು. "ಈಶಾನ್ಯ ಮೂಲೆ ಅಂತ ಓದಿದಾಗ್ಲೇ ಅಂದ್ಕೊಂಡೆ ಕಣ್ರೀ, ಯಾರೋ ವಾಸ್ತು ನೋಡಿ ಕಟ್ಟಿದ್ದಾರೆ ಅಂತ." ಹೋಗುವಾಗ ಕುಲಾವಿಯನ್ನೂ ಸೀರೆಯ ತುಂಡನ್ನೂ ಗೇಟಿನಲ್ಲಿದ್ದ ದೇವಮ್ಮನ ಕೈಗೆ ಕೊಟ್ಟರು.

ಆಯಿಯನ್ನು ನಾನು ಕೊನೆಯ ಸಲ ಕಂಡದ್ದು ಮರುವರ್ಷ, ಶಹಾಪುರದ ಬಸ್ ನಿಲ್ದಾಣದಲ್ಲಿ. ಕಣ್ಣಿಗೆ ಪೊರೆ ಬಂದಿತ್ತು, ಕಲಬುರಗಿಗೆ ಹೊರಟಿದ್ದಳು. ಎದುರಿಗೆ ಕುರಿ ಇರಲಿಲ್ಲವಾದ್ದರಿಂದ ಅವಳು ನನ್ನ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಅವಳ ಗದ್ದದ ಮೇಲೆ ಮೂರು ಹಚ್ಚೆ ಚುಕ್ಕಿಗಳಿವೆ ಎಂದು ನನಗೆ ಗೊತ್ತಾದದ್ದು ಅವತ್ತು.

"ಖೋಲಿ ಖಾಲಿ ಅದನಾ?" ಎಂದು ಕೇಳಿದಳು.

"ಇಲ್ಲ ಆಯಿ. ಇಬ್ಬರು ಅದಾರ."

"ಹಂಗಾರ ಖೋಲಿ ಸಾಲಂಗಿಲ್ಲ. ದೇವಮ್ಮಗ ಹೇಳು, ಬಾಜೂಕ ಇನ್ನೊಂದು ಬಿಡ್ಲಿ." ಬಸ್ಸು ಬಂತು. ಹತ್ತಿ ಕುಳಿತವಳು ಕಿಟಕಿಯಿಂದ ಗದ್ದ ಎತ್ತಿ ದಿಣ್ಣೆಯ ಕಡೆ ತೋರಿಸಿದಳು. ಅಲ್ಲಿಂದ ದಿಣ್ಣೆ ಕಾಣುವುದಿಲ್ಲ, ಮಲಗಿದ ಬುದ್ಧನ ಗುಡ್ಡ ಕಾಣುತ್ತದೆ. ಆದರೆ ಅವಳು ತೋರಿಸಿದ ದಿಕ್ಕು ಸರಿಯಾಗಿತ್ತು.

ಆ ಮಳೆಗಾಲ ಮುಗಿಯುವ ಮೊದಲೇ ಆಯಿ ತೀರಿಕೊಂಡಳು. ಈಗ ಹಿಂಡು ದೇವಮ್ಮನದು. ಪರವಾನಿಗೆ ಪ್ರತಿ ಹಂಗಾಮಿಗೂ ಬರುತ್ತಿದೆ. ದಿಣ್ಣೆಯ ಮೇಲೆ ಈಗ ಎರಡು ತುಂಡು ಉದ್ದ ಹುಲ್ಲು ನಿಂತಿದೆ. ಎರಡನೆಯದನ್ನು ನೋಡಿ, ಇದನ್ನು ಯಾವಾಗ ಬಿಟ್ಟಿ ಎಂದು ಮೊನ್ನೆ ದೇವಮ್ಮನನ್ನು ಕೇಳಿದೆ. "ಅತ್ತಿ ಹೇಳಿ ಕಳಿಸಿದ್ರಲ್ರಿ, ನೀವs ಬಂದು ಹೇಳಿದ್ರಿ" ಎಂದಳು. ಹೇಳಿದ್ದು ನನಗೇ ಮರೆತುಹೋಗಿತ್ತು. ಅವಳ ಬೆನ್ನು ನನ್ನ ಕಡೆಗಿತ್ತು.

ನಾನು ಕಂಡದ್ದು ಇಷ್ಟೇ, ಹೆಚ್ಚು ಹೇಳಿಲ್ಲ. ನನ್ನ ಮಾತಿನಲ್ಲಿ ಅನುಮಾನವಿದ್ದವರು ಬೇರೆಯವರನ್ನು ಕೇಳಬಹುದು. ದೇವಮ್ಮನ ಹೊಟ್ಟೆಯಲ್ಲಿದ್ದ ಮಗುವನ್ನು ಲೆಕ್ಕಕ್ಕೆ ಹಿಡಿದಿಲ್ಲ, ಕೆಂಪು ಕುಲಾವಿ ಅದಕ್ಕೆ ಚಿಕ್ಕದಾಗಿ ಎಷ್ಟೋ ದಿನವಾಯಿತು. ಆ ಮಂಗಳವಾರ ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಇವರು: ಈಗ ಬೇರೆ ಜಿಲ್ಲೆಯಲ್ಲಿರುವ ಶ್ರೀಕಂಠ ಸಾಹೇಬರು, ಜೀಪಿನ ಖಾಜಾ, ಹಾರೆಯ ಸಾಬಣ್ಣ, ನಾಯಿ ಹಿಡಿದು ಗೇಟಿನಿಂದ ನೋಡಿದ ದೇವಮ್ಮ, ಮತ್ತು ಹೋದ ಮಂಗಳವಾರ ಮತ್ತೆ ಹಿಂಡು ಬಿಟ್ಟು ಎರಡನೆಯ ಖೋಲಿಯೊಳಗೆ ಹೋದ ಹರಕಿವಿ.